ಗುಲ್‌ಮೊಹರ್ ಹೂ ಬಿಡುತ್ತಿಲ್ಲವೇ, ಒಣಗುತ್ತಿದೆಯೇ? ಮೊದಲು ಬುಡ ನೋಡಿ

ಒಂದು ಫೆಬ್ರವರಿಯಲ್ಲಿ ಮಂಡ್ಯ ಹತ್ತಿರದ ನಮ್ಮೂರಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಕ್ಕ, ಮನೆ ಮುಂದಿನ ಕತ್ತಿಕಾಯಿ ಮರ ಒಣಗೋಯ್ತು. ಒಂದೆಲೆ ಇಲ್ಲ. ಕಡಿಸಿಬಿಡ್ಲಾ? ಮಳೆಗಾಲದಲ್ಲಿ ಮನೆ ಮೇಲೆ ಬಿದ್ರೆ ಕಷ್ಟ" ಅಂದ. ಗುಲ್‌ಮೊಹರ್‌ಗೆ ನಮ್ಮೂರಲ್ಲಿ ಕತ್ತಿಕಾಯಿ ಮರ ಅನ್ನುತ್ತಾರೆ. ಮರ ಕಡಿಯುವವರನ್ನು ಆಗಲೇ ಮಾತಾಡಿಸಿದ್ದನಂತೆ.

"ಒಂದು ನಿಮಿಷ ಇರು. ಕೈಗೆ ಸಿಗೋ ಸಣ್ಣ ರೆಂಬೆ ಹಿಡ್ಕೊ. ಹೆಬ್ಬೆರಳ ಉಗುರಲ್ಲಿ ತೊಗಟೆ ಸ್ವಲ್ಪ ಕೆರೆದು ನೋಡು" ಅಂದೆ. ಕೆರೆದ. ಒಳಗೆ ಹಸಿರು. ಇನ್ನೂ ಮೂರು ಕಡೆ ಕೆರೆಸಿದೆ. ಎಲ್ಲಾ ಕಡೆ ಹಸಿರೇ. ರೆಂಬೆ ಬಗ್ಗಿಸಿದರೆ ಬಾಗಿತು, ಚಟಕ್ ಅಂತ ಮುರಿಯಲಿಲ್ಲ. ಮರಕ್ಕೆ ಏನೂ ಆಗಿರಲಿಲ್ಲ. ಅದು ಎಲೆ ಉದುರಿಸುವ ಕಾಲ, ಅಷ್ಟೇ.

ಹೀಗೆ ಸುಮ್ನೆ ಕಡಿಸಿಕೊಂಡ ಗುಲ್‌ಮೊಹರ್‌ಗಳನ್ನು ನಾನು ಮೈಸೂರಿನಲ್ಲೂ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆ ಮುಂದೆ ಒಂದು ಗುಲ್‌ಮೊಹರ್ ಇದೆ. ಅದರ ಜೊತೆ ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ತಪ್ಪು ಮಾಡಿದ್ದೇನೆ, ತಿದ್ದಿಕೊಂಡಿದ್ದೇನೆ. ಬೀದಿಯವರು, ನೆಂಟರು ಕರೆದಾಗ ಹೋಗಿ ಅವರ ಮರಗಳನ್ನೂ ನೋಡಿದ್ದೇನೆ.

ಮರಕ್ಕೆ ಏನೋ ಆಗಿದೆ ಅಂದರೆ ಎಲ್ಲರೂ ಕತ್ತೆತ್ತಿ ಮೇಲೆ ನೋಡುತ್ತಾರೆ. ಎಲೆ, ಹೂವು, ಕೊಂಬೆ. ಆದರೆ ನಾನು ನೋಡಿದ ಹೆಚ್ಚಿನ ತೊಂದರೆಗಳು ಶುರುವಾಗಿದ್ದು ನೆಲದಲ್ಲಿ. ಬುಡದ ಸುತ್ತ ನಾಲ್ಕು ಹೆಜ್ಜೆಯೊಳಗೆ. ಹಾಗಾಗಿ ನೋಡುವ ಕ್ರಮ ತಿರುಗಿಸಿ. ಮೊದಲು ಕ್ಯಾಲೆಂಡರ್, ಆಮೇಲೆ ಬುಡ, ಆಮೇಲೆ ಕಾಂಡ, ಕವಲು. ಕೊನೆಗೆ ತುದಿ.

ಯಾವ ತಿಂಗಳು?

ನಮ್ಮ ಕಡೆ ಜನವರಿಯಿಂದ ಗುಲ್‌ಮೊಹರ್ ಎಲೆ ಉದುರಿಸಲು ಶುರು ಮಾಡುತ್ತದೆ. ಮಾರ್ಚ್ ಹೊತ್ತಿಗೆ ಎಷ್ಟೋ ಮರಗಳು ಪೂರ್ತಿ ಬೋಳು. ಕಪ್ಪಾದ ಕತ್ತಿಕಾಯಿ ಮಾತ್ರ ನೇತಾಡುತ್ತಿರುತ್ತವೆ. ಏಪ್ರಿಲ್‌ನಲ್ಲಿ ಮೊಗ್ಗು, ಮೇ ತಿಂಗಳಲ್ಲಿ ಹೂವು, ಅದರ ಜೊತೆಜೊತೆಗೆ ಎಳೆ ಎಲೆ. ನೀರು ಸಿಗುವ ಜಾಗದ ಮರ ಪೂರ್ತಿ ಬೋಳಾಗುವುದಿಲ್ಲ. ಪಕ್ಕಪಕ್ಕದ ಎರಡು ಮರ ಬೇರೆ ಬೇರೆ ವಾರದಲ್ಲಿ ಉದುರಿಸಬಹುದು. ಅದರಲ್ಲಿ ದೋಷ ಏನೂ ಇಲ್ಲ.

ಬೋಳು ಮರ ಬದುಕಿದೆಯಾ ಅಂತ ತಿಳಿಯಲು ಉಗುರಿನ ಪರೀಕ್ಷೆ ಸಾಕು. ಆದರೆ ಒಂದೇ ರೆಂಬೆ ನೋಡಿ ತೀರ್ಮಾನ ಮಾಡಬೇಡಿ. ನಾಲ್ಕೂ ದಿಕ್ಕಿನಲ್ಲಿ ಕೆರೆಯಿರಿ. ಒಂದು ಕಡೆ ಮಾತ್ರ ಒಳಗೆ ಕಂದು ಬಣ್ಣ ಇದ್ದು ಉಳಿದ ಕಡೆ ಹಸಿರಿದ್ದರೆ, ಆ ಕಡೆಯ ಬೇರಿಗೆ ಅಥವಾ ಬುಡಕ್ಕೆ ಏನೋ ಆಗಿದೆ. ಆ ದಿಕ್ಕನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜೂನ್ ಮುಗಿದರೂ ಎಲೆ ಬರದಿದ್ದರೆ, ಅಥವಾ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಎಲೆ ಉದುರಿದರೆ ಆಗ ಮಾತ್ರ ಚಿಂತೆ ಮಾಡಿ.

ಅದು ಗುಲ್‌ಮೊಹರ್ ಹೌದಾ?

ಇದನ್ನು ಕೇಳಲೇಬೇಕು. "ಹತ್ತು ವರ್ಷ ಆಯ್ತು, ಕೆಂಪು ಹೂವೇ ಬಂದಿಲ್ಲ" ಅಂದವರ ಮನೆಗೆ ಹೋದರೆ ಎರಡು ಸಲ ನನಗೆ ಬೇರೆ ಮರವೇ ಸಿಕ್ಕಿತು. ಸಸಿಯಲ್ಲಿ ಗುಲ್‌ಮೊಹರ್, ಹಳದಿ ಹೂವಿನ ಪೆಲ್ಟೊಫೋರಂ, ನೀಲಿ ಹೂವಿನ ಜಕರಾಂಡ ಮೂರೂ ಒಂದೇ ಥರ ಕಾಣುತ್ತವೆ. ಮೂರಕ್ಕೂ ಗರಿಯಂಥ ಎಲೆ.

ಜಕರಾಂಡದ ಎಲೆಗಳು ರೆಂಬೆಯ ಮೇಲೆ ಎದುರುಬದುರಾಗಿ ಜೋಡಿಜೋಡಿ ಬರುತ್ತವೆ. ಸಣ್ಣ ಎಲೆಯ ತುದಿ ಚೂಪು. ಗುಲ್‌ಮೊಹರ್‌ನಲ್ಲಿ ಎಲೆಗಳು ಒಂದು ಈ ಕಡೆ, ಒಂದು ಆ ಕಡೆ. ಸಣ್ಣ ಎಲೆಯ ತುದಿ ದುಂಡಗೆ. ಪೆಲ್ಟೊಫೋರಂ ಚಿಗುರನ್ನು ಮುಟ್ಟಿ ನೋಡಿ. ತುಕ್ಕು ಬಣ್ಣದ ನವಿರು ತುಪ್ಪಳ ಇರುತ್ತದೆ. ಗುಲ್‌ಮೊಹರ್ ಚಿಗುರು ತಿಳಿ ಹಸಿರು. ಕಾಯಿ ಬಂದಿದ್ದರೆ ಅನುಮಾನವೇ ಇಲ್ಲ. ಮೊಣಕೈಯಷ್ಟು ಉದ್ದದ ಕತ್ತಿ ಬೇರೆ ಎರಡರಲ್ಲೂ ಇಲ್ಲ.

ಇನ್ನು ಕೆಲವರಿಗೆ ಗುಲ್‌ಮೊಹರ್ ಅಂತ ರತ್ನಗಂಧಿ ಕೊಟ್ಟಿರುತ್ತಾರೆ. ಅದು ಮುಳ್ಳಿರುವ ಸಣ್ಣ ಗಿಡ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಹೋಗಿ ನಿಲ್ಲುತ್ತದೆ. ಅದು ಮರವಾಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಎಲೆ ಸೊಂಪು, ಹೂವು ಮಾತ್ರ ಇಲ್ಲ

ಇದು ನನ್ನದೇ ಮರದ ಕಥೆ. 2007ರಲ್ಲಿ ನೆಟ್ಟಿದ್ದು. ಬೆಳೆಯಿತು, ಅಗಲವಾಗಿ ಹರಡಿತು, ನೆರಳು ಕೊಟ್ಟಿತು. ಎಂಟು ವರ್ಷವಾದರೂ ಒಂದು ಮೊಗ್ಗಿಲ್ಲ. ಎದುರು ಬೀದಿಯ ಮರ ಮೇ ತಿಂಗಳಲ್ಲಿ ಬೆಂಕಿ ಹಚ್ಚಿದ ಹಾಗೆ ಕಾಣುತ್ತಿತ್ತು. ದಿನಾ ಅದನ್ನು ನೋಡಿಕೊಂಡು ಬಂದು ನಮ್ಮ ಹಸಿರು ಮರದ ಕೆಳಗೆ ನಿಲ್ಲುತ್ತಿದ್ದೆ. ತುಂಬಾ ಬೇಸರವಾಗುತ್ತಿತ್ತು.

ಕಾರಣ ಮರದ ಕೆಳಗೇ ಇತ್ತು. ಹುಲ್ಲುಹಾಸು. ಅದಕ್ಕೆ ದಿನಾ ನೀರು, ತಿಂಗಳಿಗೊಮ್ಮೆ ಒಂದು ಹಿಡಿ ಯೂರಿಯಾ. ಹುಲ್ಲಿಗೆ ಅಂತ ಹಾಕಿದ್ದನ್ನೆಲ್ಲ ಮರವೂ ಕುಡಿಯುತ್ತಿತ್ತು. ಗುಲ್‌ಮೊಹರ್ ಬೇರು ಆಳಕ್ಕಿಂತ ಅಗಲಕ್ಕೆ ಹೋಗುವುದು ಜಾಸ್ತಿ. ಹುಲ್ಲಿನ ನೀರು, ಹುಲ್ಲಿನ ಗೊಬ್ಬರ ಅದಕ್ಕೆ ನೇರವಾಗಿ ಸಿಗುತ್ತದೆ.

ಈ ಮರದ ತವರು ಮಡಗಾಸ್ಕರ್. ಆ ದ್ವೀಪದ ಉತ್ತರ ಮತ್ತು ಪಶ್ಚಿಮ ಭಾಗದ ಒಣ ಕಾಡುಗಳಲ್ಲಿ ವರ್ಷದ ಅರ್ಧದಷ್ಟು ಕಾಲ ಮಳೆಯೇ ಇಲ್ಲ. ಒಣಗಾಲದಲ್ಲಿ ಎಲೆ ಉದುರಿಸಿ, ಬಿಸಿಲು ಏರಿದಾಗ ಹೂವಾಗುವುದು ಅಲ್ಲಿಂದ ಬಂದ ಅಭ್ಯಾಸ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಹೆಚ್ಚುಕಡಿಮೆ ಒಣ. ಈ ಮರಕ್ಕೆ ಇದಕ್ಕಿಂತ ಒಳ್ಳೆಯ ಹವೆ ಬೇಕಾ? ಆ ಮೂರು ನಾಲ್ಕು ತಿಂಗಳ ಬಾಯಾರಿಕೆಯನ್ನು ನಾವೇ ನೀರು ಹಾಕಿ ಕೆಡಿಸುತ್ತೇವೆ. ಆಗ ಅದು ಎಲೆ ಹಿಡಿದುಕೊಂಡೇ ಕೂರುತ್ತದೆ.

ಯೂರಿಯಾ ನಿಲ್ಲಿಸಿದೆ. ಮರದ ಹರವಿನ ಕೆಳಗಿನ ಹುಲ್ಲು ತೆಗೆಸಿ ಒಣ ಎಲೆ ಹರಡಿದೆ. 2015ರ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಂದು ಕೊಡ ನೀರೂ ಹಾಕಲಿಲ್ಲ. ಮೊದಲ ಮೇ ತಿಂಗಳು ಏನೂ ಆಗಲಿಲ್ಲ. ಎರಡನೇ ಮೇ ತಿಂಗಳಲ್ಲಿ ಪಡುವಣ ಕಡೆಯ ಎರಡು ಕೊಂಬೆಯಲ್ಲಿ ಹೂವು ಬಂತು. ಅದರ ಮುಂದಿನ ವರ್ಷ ಇಡೀ ಮರ.

ಇಷ್ಟು ಮಾಡುವ ಮುಂಚೆ ಬೇರೆ ಮೂರು ವಿಷಯ ನೋಡಬೇಕು.

ವಯಸ್ಸು ಮೊದಲನೆಯದು. ಬೀಜದಿಂದ ಬೆಳೆದ ಮರ ಹೂ ಬಿಡಲು ಐದರಿಂದ ಹತ್ತು ವರ್ಷ ತೆಗೆದುಕೊಳ್ಳಬಹುದು. ನಾಲ್ಕು ವರ್ಷದ ಮರಕ್ಕೆ ಹೂವಿಲ್ಲ ಅಂದರೆ ಕಾಯಿರಿ, ಏನೂ ಮಾಡಬೇಡಿ.

ಎರಡನೆಯದು ಬಿಸಿಲು. ಪಕ್ಕದಲ್ಲಿ ಮೂರು ಮಹಡಿ ಮನೆ ಎದ್ದಿದೆಯಾ? ಗುಲ್‌ಮೊಹರ್‌ಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಮರದ ಒಂದು ಭಾಗದಲ್ಲಿ ಮಾತ್ರ ಹೂವಿದ್ದರೆ, ಹೂವಿಲ್ಲದ ಕಡೆ ನೆರಳು ಎಲ್ಲಿಂದ ಬೀಳುತ್ತಿದೆ ನೋಡಿ. ಇದಕ್ಕೆ ಮದ್ದಿಲ್ಲ.

ಮೂರನೆಯದು ಮಚ್ಚು. ಹೂಗೊಂಚಲು ಬರುವುದು ರೆಂಬೆಯ ತುದಿಯಲ್ಲಿ. ಮರ ಬೋಳಾಗಿದೆ, ಕೆಲಸ ಸುಲಭ ಅಂತ ಫೆಬ್ರವರಿಯಲ್ಲಿ ತುದಿಗಳನ್ನೆಲ್ಲ ಸವರಿದರೆ ಆ ವರ್ಷದ ಹೂವೂ ಅದರ ಜೊತೆ ಹೋಯಿತು. ಪ್ರತಿ ವರ್ಷ ವಿದ್ಯುತ್ ತಂತಿಗಾಗಿ ತಲೆ ಕತ್ತರಿಸಿಕೊಳ್ಳುವ ಬೀದಿ ಮರಗಳು ಹೂ ಬಿಡದೆ ಬರೀ ಪೊದೆಯ ಹಾಗೆ ಚಿಗುರುವುದು ಇದರಿಂದಲೇ. ಸವರಬೇಕಾದರೆ ಹೂವು ಮುಗಿದ ಮೇಲೆ ಸವರಿ. ಅದೂ ಬೇಕಾದಷ್ಟು ಮಾತ್ರ.

ಮಳೆಗಾಲದಲ್ಲಿ ಎಲೆ ಹಳದಿ

ಇದು ಮಂಡ್ಯ ಕಡೆಯವರಿಗೆ ಜಾಸ್ತಿ. ಮೈಸೂರಿನ ಕೆಮ್ಮಣ್ಣಿನಲ್ಲಿ ನೀರು ಬಸಿದು ಹೋಗುತ್ತದೆ. ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ ಹಾಗಲ್ಲ. ಸುತ್ತ ಭತ್ತ, ಕಬ್ಬು. ಗದ್ದೆಗೆ ನೀರು ಬಿಟ್ಟಾಗ ಪಕ್ಕದ ಮನೆಯಂಗಳದ ಒಳಮಣ್ಣೂ ನೆನೆಯುತ್ತದೆ. ಮೇಲೆ ಒಣಗಿದ ಹಾಗೆ ಕಂಡರೂ ಒಂದು ಅಡಿ ಕೆಳಗೆ ಜೌಗು. ಚಿಕ್ಕಪ್ಪನ ಮಗನ ಮನೆಯದೂ ಇದೇ ಕಥೆ ಅಂತ ಆಮೇಲೆ ಗೊತ್ತಾಯಿತು. ಮರ ಬದುಕಿತ್ತು ನಿಜ, ಆದರೆ ಹೂವು ಯಾವ ವರ್ಷವೂ ನಾಲ್ಕು ಗೊಂಚಲು ದಾಟಿರಲಿಲ್ಲ. ಮಳೆಗಾಲದಲ್ಲಿ ಎಲೆ ಹಳದಿಯಾಗಿ ಸುರಿಯುತ್ತಿತ್ತು.

ಪರೀಕ್ಷೆ ಹೀಗೆ. ಮರದ ಹರವಿನ ಅಂಚಿನಲ್ಲಿ ಹಾರೆಯಿಂದ ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೋಡಿ. ದಪ್ಪ ಬೇರು ಸಿಕ್ಕಿದರೆ ಕಡಿಯಬೇಡಿ, ಜಾಗ ಬದಲಿಸಿ. ಗುಂಡಿ ತುಂಬ ನೀರು ಹುಯ್ದು ಇಂಗಲು ಬಿಡಿ. ಮತ್ತೆ ತುಂಬಿ ಈಗ ಅಳೆಯಿರಿ. ಗಂಟೆಗೆ ಒಂದು ಇಂಚೂ ಇಳಿಯದಿದ್ದರೆ ಬಸಿಯುವ ದಾರಿ ಇಲ್ಲ ಅಂತ ಅರ್ಥ. ತೋಡಿದ ಮಣ್ಣನ್ನು ಮೂಗಿನ ಹತ್ತಿರ ತನ್ನಿ. ಒಳ್ಳೆ ಮಣ್ಣಿಗೆ ಮಳೆ ಬಿದ್ದ ವಾಸನೆ. ಗಾಳಿಯಾಡದ ಮಣ್ಣಿಗೆ ಚರಂಡಿ ವಾಸನೆ. ಎಳೆ ಬೇರು ಸಿಕ್ಕಿದರೆ ಸಿಪ್ಪೆ ಎಳೆದು ನೋಡಿ. ಕಪ್ಪಗೆ ಜಾರಿ ಬಂದರೆ ಕೊಳೆತಿದೆ.

ಪರಿಹಾರ ಗೊಬ್ಬರವಲ್ಲ, ಕಾಲುವೆ. ಗದ್ದೆ ಕಡೆಗೆ, ಮರದ ಹರವಿನಿಂದ ಆಚೆ, ಎರಡು ಅಡಿ ಆಳದ ಬಸಿಗಾಲುವೆ ತೆಗೆದು ನೀರು ಹೊರಗೆ ಹೋಗುವ ಹಾಗೆ ಮಾಡಬೇಕು. ಹಳದಿ ಎಲೆ ಕಂಡ ತಕ್ಷಣ "ಶಕ್ತಿ ಇಲ್ಲ" ಅಂತ ಯೂರಿಯಾ ಸುರಿಯುವುದು ದೊಡ್ಡ ತಪ್ಪು. ಉಸಿರು ಕಟ್ಟಿದವನ ಬಾಯಿಗೆ ಊಟ ತುರುಕಿದ ಹಾಗೆ.

ಯಾವ ಎಲೆ ಹಳದಿಯಾಗಿದೆ ಅನ್ನುವುದೂ ಮುಖ್ಯ. ಹಳೆ ಎಲೆ ಹಸಿರಾಗಿದ್ದು, ತುದಿಯ ಹೊಸ ಎಲೆ ಮಾತ್ರ ಬಿಳಿಚಿಕೊಂಡಿದ್ದರೆ ಕಬ್ಬಿಣದ ಅಂಶ ಮರಕ್ಕೆ ಸಿಗುತ್ತಿಲ್ಲ. ಚೌಳು ಮಣ್ಣಿನಲ್ಲಿ ಇದು ಮಾಮೂಲು. ಅಂಥ ನೆಲದ ಮೇಲೆ ಬೇಸಿಗೆಯಲ್ಲಿ ಬೆಳ್ಳಗೆ ಉಪ್ಪು ಎದ್ದಿರುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕ್ಷಾರ ಜಾಸ್ತಿಯಾದ್ದರಿಂದ ಬೇರಿಗೆ ಎಟುಕುವುದಿಲ್ಲ. ಹೀಗಿದ್ದರೆ ಅಂದಾಜಿನ ಮೇಲೆ ಏನೂ ಹಾಕಬೇಡಿ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಜಿಪ್ಸಂ ಬೇಕಾ, ಎಷ್ಟು ಬೇಕು ಅಂತ ಕೇಳಿ. ಮಂಡ್ಯದವರಿಗೆ ಅದು ವಿ.ಸಿ. ಫಾರಂನಲ್ಲೇ ಇದೆ.

ಒಂದು ಕಡೆ ಒಣಗುತ್ತಿದೆ

ಮೊದಲು ಹೇಳಿದ ದಿಕ್ಕು ಇಲ್ಲಿ ಬೇಕು. ಯಾವ ಕಡೆ ಕೊಂಬೆ ಒಣಗಿದೆಯೋ ಆ ಕಡೆಯ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿ.

ಮೈಸೂರಿನ ಬಡಾವಣೆಗಳಲ್ಲಿ ನಾನು ಅತಿ ಹೆಚ್ಚು ಕಂಡ ಕಾರಣ ಬೆಂಕಿ. ಫೆಬ್ರವರಿ-ಮಾರ್ಚ್‌ನಲ್ಲಿ ಉದುರಿದ ಎಲೆಯನ್ನು ಗುಡಿಸಿ ಮರದ ಬುಡಕ್ಕೇ ಒಟ್ಟಿ ಕಡ್ಡಿ ಗೀರುತ್ತಾರೆ. ಉರಿ ಹತ್ತು ನಿಮಿಷ ಇರುತ್ತದೆ ಅಷ್ಟೇ. ಆದರೆ ಗುಲ್‌ಮೊಹರ್ ತೊಗಟೆ ತೆಳು. ಅದರ ಒಳಗಿನ ಜೀವದ ಪದರ ಆ ಬಿಸಿಗೆ ಸಾಯುತ್ತದೆ. ಹೊರಗೆ ಸ್ವಲ್ಪ ಮಸಿ ಬಿಟ್ಟರೆ ಏನೂ ಕಾಣುವುದಿಲ್ಲ. ತಿಂಗಳುಗಳ ಮೇಲೆ ಆ ಜಾಗ ಒಳಗೆ ಕುಸಿಯುತ್ತದೆ, ತೊಗಟೆ ಬಿರಿದು ಹಪ್ಪಳದ ಹಾಗೆ ಏಳುತ್ತದೆ. ಆ ಹೊತ್ತಿಗೆ ಬೆಂಕಿ ಹಾಕಿದ್ದು ಯಾರಿಗೂ ನೆನಪಿರುವುದಿಲ್ಲ. ತೊಗಟೆಯನ್ನು ಬೆರಳಿನಿಂದ ತಟ್ಟಿ ನೋಡಿ. ಜೀವ ಇರುವ ಕಡೆ ಗಟ್ಟಿ ಸದ್ದು, ಸತ್ತ ಕಡೆ ಟೊಳ್ಳು ಸದ್ದು. ಕಾಂಡದ ಸುತ್ತಳತೆಯಲ್ಲಿ ಕಾಲು ಭಾಗ ಸತ್ತಿದ್ದರೆ ಮರ ಸುಧಾರಿಸಿಕೊಳ್ಳುತ್ತದೆ. ಅರ್ಧ ದಾಟಿದ್ದರೆ ಕಷ್ಟ. ಆ ಒಣ ಎಲೆಯನ್ನು ಸುಡದೆ ಅಲ್ಲೇ ತೆಳ್ಳಗೆ ಹರಡಿದ್ದರೆ ಮರಕ್ಕೆ ಅದೇ ಗೊಬ್ಬರವಾಗುತ್ತಿತ್ತು. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಕಾರಣ ಅಗೆತ. ಚರಂಡಿಗೆ, ಕೇಬಲ್‌ಗೆ, ನೀರಿನ ಪೈಪಿಗೆ ಅಂತ ಬುಡದ ಪಕ್ಕ ಅಗೆದರೆ ಆ ಕಡೆಯ ಬೇರೆಲ್ಲ ಹೋಗುತ್ತದೆ. ಮರ ಕೂಡಲೇ ಹೇಳುವುದಿಲ್ಲ. ಒಂದೆರಡು ವರ್ಷ ಕಳೆದ ಮೇಲೆ ಆ ಕಡೆಯ ತುದಿ ಒಣಗುತ್ತದೆ. ನಮ್ಮ ಬೀದಿಯಲ್ಲೇ ಒಬ್ಬ ಗುತ್ತಿಗೆದಾರರು ಮೂರು ಅಡಿ ದೂರದಲ್ಲಿ ಯಂತ್ರದಿಂದ ಅಗೆಸಿದರು. ಮೂರನೇ ವರ್ಷ ಆ ಮರದ ರಸ್ತೆ ಕಡೆಯ ಅರ್ಧ ಒಣಗಿತು. ಅಗೆಯುವ ಕೆಲಸ ಬಂದರೆ ಮೊದಲೇ ಹೋಗಿ ನಿಂತು ಮಾತಾಡಿ. ಬೇರಿನ ಹತ್ತಿರ ಕೈಯಲ್ಲಿ ಅಗೆದು ದಪ್ಪ ಬೇರಿನ ಅಡಿಯಲ್ಲಿ ಪೈಪು ತೂರಿಸಬಹುದು.

ಮೂರನೆಯದು ಮುಚ್ಚಿದ ಬುಡ. ಒಳ್ಳೆಯ ಮರದ ಕಾಂಡ ನೆಲ ಸೇರುವಲ್ಲಿ ಆನೆಯ ಪಾದದ ಹಾಗೆ ಅಗಲವಾಗಬೇಕು. ಲೈಟ್ ಕಂಬದ ಹಾಗೆ ನೆಟ್ಟಗೆ ನೆಲದೊಳಗೆ ಹೋಗಿದ್ದರೆ ಯಾರೋ ಮಣ್ಣು ಏರಿಸಿದ್ದಾರೆ. ಅಂಗಳ ಮಟ್ಟ ಮಾಡುವಾಗ ಹೀಗಾಗುತ್ತದೆ. ಗುದ್ದಲಿ ಬೇಡ, ಕೈಯಲ್ಲಿ ಅಥವಾ ಸಣ್ಣ ಕುರ್ಚಿಗೆಯಲ್ಲಿ ಆ ಮಣ್ಣನ್ನು ಮೆಲ್ಲಗೆ ತೆಗೆದು ಪಾದ ಕಾಣುವ ಹಾಗೆ ಮಾಡಿ. ಕಾಂಡಕ್ಕೆ ತಾಗಿಸಿ ಕಾಂಕ್ರೀಟ್ ಅಥವಾ ಇಂಟರ್‌ಲಾಕ್ ಕಲ್ಲು ಹಾಕಿದ್ದರೆ ಸುತ್ತ ಕನಿಷ್ಠ ಐದು ಅಡಿ ಚೌಕ ಬಿಡಿಸಿ. ಮೊಳೆ ಹೊಡೆದ ಬೋರ್ಡು, ಬಟ್ಟೆ ಒಣಗಿಸಲು ಕಟ್ಟಿದ ತಂತಿ ಇದ್ದರೆ ಅದನ್ನೂ ತೆಗೆಯಿರಿ. ಕಾಂಡ ದಪ್ಪವಾದಂತೆ ತಂತಿ ಕತ್ತು ಹಿಸುಕುತ್ತದೆ.

ಬುಡದಲ್ಲಿ ಅಣಬೆ

ತೆಂಗು, ಅಡಿಕೆ ಬೆಳೆಯುವವರಿಗೆ ಅಣಬೆ ರೋಗ ಗೊತ್ತು. ಅದೇ ಗ್ಯಾನೊಡರ್ಮಾ ಗುಂಪಿನ ಶಿಲೀಂಧ್ರ ಗುಲ್‌ಮೊಹರ್‌ಗೂ ಬರುತ್ತದೆ. ಬುಡದಲ್ಲಿ ಅಥವಾ ಮೇಲೆ ಕಾಣುವ ಬೇರಿನಲ್ಲಿ ತಟ್ಟೆಯಂಥ ಗಟ್ಟಿ ಅಣಬೆ. ಮೇಲೆ ಕೆಂಗಂದು, ಹೊಳಪು. ಅಂಚು ಬಿಳಿ. ಮಳೆಗಾಲದಲ್ಲಿ ಹೊಸದು ಬರುತ್ತದೆ.

ಅಣಬೆಯನ್ನು ಕಿತ್ತು ಬಿಸಾಡಿದರೆ ರೋಗ ಹೋಗುವುದಿಲ್ಲ. ಅಣಬೆ ಹೊರಗೆ ಬರುವ ಹೊತ್ತಿಗೆ ಒಳಗಿನ ಮರ ಬಹಳ ಕೊಳೆತಿರುತ್ತದೆ. ದೊಡ್ಡ ಮರಕ್ಕೆ ಇದನ್ನು ವಾಸಿ ಮಾಡುವ ಔಷಧಿ ಇಲ್ಲ. ಯಾರಾದರೂ ಬುಡಕ್ಕೆ ಮದ್ದು ಹಾಕಿ ಗುಣ ಮಾಡುತ್ತೇವೆ ಅಂದರೆ ದುಡ್ಡು ಕೊಡಬೇಡಿ. ಎಲೆ ಹಸಿರಾಗಿದ್ದರೂ ಇಂಥ ಮರ ಗಾಳಿಗೆ ಬುಡಸಮೇತ ಬೀಳಬಹುದು. ಕೆಳಗೆ ಮನೆ, ರಸ್ತೆ, ಆಟದ ಜಾಗ ಇದ್ದರೆ ತಡ ಮಾಡದೆ ತಿಳಿದವರಿಗೆ ತೋರಿಸಿ. ಈ ಬರಹದಲ್ಲಿ ಕಡಿಸುವುದೇ ಸರಿ ಅಂತ ನಾನು ಹೇಳುವ ಒಂದೆರಡು ಸಂದರ್ಭಗಳಲ್ಲಿ ಇದೂ ಒಂದು.

ತೊಗಟೆ ಮೇಲೆ ಕಂದು ಪಟ್ಟಿ

ಕವಲಿನ ಹತ್ತಿರ ಮರದ ಪುಡಿ, ಹಿಕ್ಕೆ, ರೇಷ್ಮೆಯಂಥ ಎಳೆ ಸೇರಿ ಅಂಟಿಕೊಂಡ ಪಟ್ಟಿ ಕಾಣುತ್ತಿದೆಯಾ? ಅದು ತೊಗಟೆ ತಿನ್ನುವ ಹುಳುವಿನ ದಾರಿ. ಹಗಲಲ್ಲಿ ಕವಲಿನ ತೂತಿನೊಳಗೆ ಅಡಗಿರುತ್ತದೆ, ರಾತ್ರಿ ಆ ಪಟ್ಟಿಯ ಮರೆಯಲ್ಲಿ ಬಂದು ತೊಗಟೆ ತಿನ್ನುತ್ತದೆ. ಒಂದೆರಡು ಇದ್ದರೆ ದೊಡ್ಡ ಮರಕ್ಕೆ ಲೆಕ್ಕಕ್ಕಿಲ್ಲ. ಎಳೆ ಮರಕ್ಕೆ ಕೊಂಬೆ ಒಣಗುವಷ್ಟು ಆಗಬಹುದು. ಗಟ್ಟಿ ಬ್ರಷ್ಷಿನಿಂದ ಪಟ್ಟಿಯನ್ನೆಲ್ಲ ಉಜ್ಜಿ ತೆಗೆದರೆ ತೂತು ಕಾಣುತ್ತದೆ. ಸೈಕಲ್ ಕಡ್ಡಿ ತೂರಿಸಿ ಹುಳುವನ್ನು ಚುಚ್ಚಿ. ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಹಸಿ ಮಣ್ಣು ಮೆತ್ತಿ. ವಾರದ ಮೇಲೆ ಹೊಸ ಪುಡಿ ಬಿದ್ದಿದ್ದರೆ ಇನ್ನೊಮ್ಮೆ.

ಗೆದ್ದಲಿನ ಮಣ್ಣಿನ ಗೂಡನ್ನು ಇದರ ಜೊತೆ ಕಲಸಬೇಡಿ. ಗೆದ್ದಲು ಸಾಮಾನ್ಯವಾಗಿ ಸತ್ತ ತೊಗಟೆಗೆ ಬರುತ್ತದೆ. ಮಣ್ಣು ಕೆರೆದು, ಕೆಳಗೆ ಮರ ಗಟ್ಟಿಯಿದ್ದರೆ ಅಷ್ಟಕ್ಕೇ ಬಿಡಿ. ಮೃದುವಾಗಿದ್ದರೆ ಗೆದ್ದಲಿಗಿಂತ ಮೊದಲೇ ಅಲ್ಲಿ ಬೇರೇನೋ ಆಗಿದೆ, ಅದನ್ನು ಹುಡುಕಿ.

ಬೋಳು ಮರದಲ್ಲಿ ಅಲ್ಲೊಂದು ಇಲ್ಲೊಂದು ಹಸಿರು ಪೊದೆ ಕಂಡರೆ ಅದು ಬಂದಳಿಕೆ. ಹಕ್ಕಿ ತಂದು ಹಾಕಿದ ಬೀಜ. ಅದು ಕೂತ ಜಾಗಕ್ಕಿಂತ ಒಂದು ಅಡಿ ಕೆಳಗೆ, ಮರದ ಕೊಂಬೆಯ ಸಮೇತ ತೆಗೆಸಿ. ಫೆಬ್ರವರಿಯಲ್ಲಿ ತುದಿ ಕತ್ತರಿಸಬೇಡಿ ಅಂದೆನಲ್ಲ, ಇದಕ್ಕೆ ಮಾತ್ರ ಆ ಕಾಲವೇ ಒಳ್ಳೆಯದು, ಚೆನ್ನಾಗಿ ಕಾಣುತ್ತದೆ.

ಮಳೆಗಾಲದಲ್ಲಿ ಎಲೆಯೆಲ್ಲ ಮಾಯವಾಗಿ ಕಡ್ಡಿ ಉಳಿದಿದ್ದರೆ, ಕೆಳಗೆ ಕಪ್ಪು ಹಿಕ್ಕೆ ಕಾಳು ಚೆಲ್ಲಿದ್ದರೆ, ಗೇಣು ಹಾಕಿಕೊಂಡು ನಡೆಯುವ ಹಸಿರು ಹುಳು ಬಂದಿದೆ. ಮರ ಮತ್ತೆ ಚಿಗುರುತ್ತದೆ. ಅಷ್ಟೆತ್ತರಕ್ಕೆ ವಿಷ ಸಿಂಪಡಿಸಿ ನೀವೂ ಕುಡಿಯಬೇಡಿ, ಹಕ್ಕಿಗೂ ಕುಡಿಸಬೇಡಿ.

ಕೊಂಬೆ ಮುರಿಯುತ್ತದೆ, ಮರ ವಾಲಿದೆ

ಗುಲ್‌ಮೊಹರ್ ಮರದ ಕಸುವು ಕಮ್ಮಿ, ಅದು ನಿಜ. ಏಪ್ರಿಲ್-ಮೇ ತಿಂಗಳ ಸಂಜೆ ಗಾಳಿಮಳೆಗೆ ಮುರಿಯುವುದೂ ನಿಜ. ಆದರೆ ಎಲ್ಲ ಕೊಂಬೆಯೂ ಮುರಿಯುವುದಿಲ್ಲ. ಮುರಿದ ಜಾಗವನ್ನು ನೋಡಿ. ಇಂಗ್ಲಿಷಿನ ವಿ ಅಕ್ಷರದ ಹಾಗೆ ಇಕ್ಕಟ್ಟಾದ ಕವಲಿನಲ್ಲಿ ಸೀಳಿರುತ್ತದೆ. ಒಂದೇ ದಪ್ಪದ ಎರಡು ಕೊಂಬೆ ಒತ್ತಿಕೊಂಡು ಬೆಳೆದಾಗ ಮಧ್ಯೆ ತೊಗಟೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಬೆಸುಗೆ ಇಲ್ಲ. ಅಗಲವಾಗಿ ತೆರೆದ ಕವಲು ಬಾಳುತ್ತದೆ.

ಇದನ್ನು ಎಳೆಯದರಲ್ಲೇ ತಿದ್ದಬೇಕು. ಎಂಟರಿಂದ ಹತ್ತು ಅಡಿವರೆಗೆ ಒಂದೇ ಕಾಂಡ. ಅದರ ಮೇಲಿನ ಕೊಂಬೆಗಳು ಕಾಂಡದ ಅರ್ಧಕ್ಕಿಂತ ದಪ್ಪವಾಗದ ಹಾಗೆ ನೋಡಿಕೊಳ್ಳಿ. ದೊಡ್ಡ ಮರದಲ್ಲಿ ಭಾರದ ಕೊಂಬೆ ತೆಗೆಯಲೇಬೇಕಾದರೆ ಮಚ್ಚು ಬೇಡ, ಗರಗಸ. ಮೊದಲು ಕಾಂಡದಿಂದ ಒಂದು ಅಡಿ ಆಚೆ, ಕೆಳಗಿನಿಂದ ಸ್ವಲ್ಪ ಕೊಯ್ಯಿರಿ. ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಕೊಂಬೆ ಬೀಳಿಸಿ. ಉಳಿದ ಮೋಟನ್ನು ಕಾಂಡದ ಉಬ್ಬಿಗೆ ಪೆಟ್ಟಾಗದ ಹಾಗೆ ಕೊನೆಗೆ ತೆಗೆಯಿರಿ. ಹೀಗೆ ಮಾಡದೆ ಒಂದೇ ಏಟಿಗೆ ಕಡಿದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಎರಡು ಅಡಿ ಸುಲಿದುಕೊಂಡು ಹೋಗುತ್ತದೆ. ಗಾಯಕ್ಕೆ ಡಾಂಬರು ಬಳಿಯಬೇಡಿ.

ವಾಲಿದ ಮರದ ವಿಷಯ. ಹುಟ್ಟಿದಾಗಿನಿಂದ ಬಿಸಿಲಿನ ಕಡೆ ಬಾಗಿ ಬೆಳೆದ ಮರಕ್ಕೆ ಭಯವಿಲ್ಲ. ಅದರ ತುದಿ ಮತ್ತೆ ಮೇಲಕ್ಕೆ ತಿರುಗಿರುತ್ತದೆ. ಈಚೆಗೆ ವಾಲಿದ್ದರೆ, ವಾಲಿದ ದಿಕ್ಕಿಗೆ ಎದುರಿನ ನೆಲದಲ್ಲಿ ಬಿರುಕು ಇರುತ್ತದೆ. ಗಾಳಿ ಬೀಸುವಾಗ ದೂರ ನಿಂತು ಅದೇ ನೆಲವನ್ನು ನೋಡಿ. ಮಣ್ಣು ಉಸಿರಾಡಿದ ಹಾಗೆ ಏಳುತ್ತಾ ಇಳಿಯುತ್ತಾ ಇದ್ದರೆ ಬೇರು ಹಿಡಿತ ಬಿಟ್ಟಿದೆ. ಅವತ್ತೇ ಕೆಳಗಿನ ಗಾಡಿ ತೆಗೆಸಿ, ಮಕ್ಕಳನ್ನು ದೂರ ಇಡಿ, ಸಂಬಂಧಪಟ್ಟವರಿಗೆ ಫೋನ್ ಮಾಡಿ.

ಬಲಿತ ಮರ ಯಾಕೆ ಹೀಗೆ ಕಿತ್ತು ಬರುತ್ತದೆ ಅಂದರೆ ಎಷ್ಟೋ ಸಲ ನೆಟ್ಟ ದಿನವೇ ತಪ್ಪಾಗಿರುತ್ತದೆ. ನಾನು ತಂದ ಮೊದಲ ಸಸಿ ಹಾಗಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಎರಡು ವರ್ಷ ಇಟ್ಟಿದ್ದ ಸಸಿ, ಆಳೆತ್ತರ, ನೋಡಲು ಚಂದ. ಬೇರು ಚೀಲದೊಳಗೆ ಸಿಂಬೆಯ ಹಾಗೆ ಸುತ್ತಿಕೊಂಡಿದ್ದನ್ನು ನಾನು ನೋಡಲಿಲ್ಲ. ಮೂರನೇ ವರ್ಷದ ಗಾಳಿಗೆ ಅದು ಬಿದ್ದಾಗ ಮಣ್ಣಿನಡಿಯಲ್ಲೂ ಬೇರು ಚೀಲದ ಆಕಾರದಲ್ಲೇ ಇತ್ತು. ಈಗಿರುವುದು ಅದಾದ ಮೇಲೆ ನೆಟ್ಟ ಎರಡನೆಯ ಮರ.

ಕಡಿಯಲೇಬೇಕಾದರೆ, ಮತ್ತೆ ನೆಡುವುದಾದರೆ

ಸ್ವಂತ ಅಂಗಳದ ಮರವಾದರೂ ಮಚ್ಚು ಎತ್ತುವ ಮೊದಲು ಅನುಮತಿ ವಿಚಾರಿಸಿ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಗೆ ಅರ್ಜಿ ಕೊಡಬೇಕು. ಬುಡದ ಅಣಬೆ, ನೆಲದ ಬಿರುಕು, ಟೊಳ್ಳು ಕಾಂಡ ಇವುಗಳ ಫೋಟೋ ಜೊತೆಗಿಟ್ಟರೆ ಪರಿಶೀಲನೆಗೆ ಬರುವವರಿಗೆ ಅನುಕೂಲ.

ಹೊಸದಕ್ಕೆ ಗುಲ್‌ಮೊಹರ್ ಅನ್ನೇ ಆರಿಸುವುದಾದರೆ ಮನೆ ಗೋಡೆ, ಕಾಂಪೌಂಡ್, ಸಂಪಿನಿಂದ 20 ಅಡಿ ದೂರ ಇರಲಿ. ನೆಲ ಎಬ್ಬಿಸುವ ಬೇರನ್ನು ಆಮೇಲೆ ಕಡಿಯುವುದಕ್ಕಿಂತ ಇದು ಸುಲಭ. ತಂತಿಯ ಕೆಳಗಾದರೆ ಬೇಡವೇ ಬೇಡ, ಅಲ್ಲಿಗೆ ಕಕ್ಕೆ ಅಥವಾ ಬಸವನಪಾದ ಸಾಕು. ನೀರು ನಿಲ್ಲುವ ಗದ್ದೆ ಬಯಲಿನವರಿಗೆ ನಾನು ಹೇಳುವುದು ಹೊಳೆದಾಸವಾಳ. ಹೆಸರೇ ಹೇಳುವ ಹಾಗೆ ಅದು ಹೊಳೆದಂಡೆಯ ಮರ, ಒದ್ದೆ ಕಾಲಿಗೆ ಹೆದರುವುದಿಲ್ಲ, ಅದೂ ಎಲೆ ಉದುರಿಸಿ ನೇರಳೆ ಹೂ ಬಿಡುತ್ತದೆ. ಚಿಕ್ಕಪ್ಪನ ಮಗನಿಗೂ ಬಸಿಗಾಲುವೆಯ ಆಚೆ ಒಂದು ಹೊಳೆದಾಸವಾಳ ನೆಡಿಸಿದೆ.

ಬೀಜದಿಂದ ಮಾಡುವುದಾದರೆ ಬಲಿತ ಕಾಯಿ ಒಡೆದು ಬೀಜ ತೆಗೆಯಿರಿ. ಸಿಪ್ಪೆ ಕಲ್ಲಿನ ಹಾಗೆ. ಹಾಗೇ ಬಿತ್ತಿದರೆ ಕೆಲವು ತಿಂಗಳುಗಟ್ಟಲೆ ಮಲಗಿರುತ್ತವೆ. ಕುದಿಯುವ ನೀರನ್ನು ಒಲೆಯಿಂದ ಇಳಿಸಿ, ಬೀಜ ಹಾಕಿ, ಒಂದು ದಿನ ಬಿಡಿ. ಉಬ್ಬಿದ್ದನ್ನು ಬಿತ್ತಿ. ಉಬ್ಬದಿದ್ದದ್ದನ್ನು ಒರಟು ಕಲ್ಲಿನ ಮೇಲೆ ಒಂದು ಬದಿ ಉಜ್ಜಿ ಮತ್ತೆ ನೆನೆಸಿ. ಸಸಿ ಮೊಣಕಾಲೆತ್ತರ ಆಗುತ್ತಿದ್ದ ಹಾಗೇ ನೆಲಕ್ಕೆ ಹಾಕಿ. ಅಂಗಡಿಯಿಂದ ತರುವುದಾದರೂ ಅದೇ ಅಳತೆಯದ್ದನ್ನು ತನ್ನಿ. ಚೀಲ ಹರಿದು ಬೇರು ನೋಡಿ, ಸುತ್ತಿಕೊಂಡ ಬೇರನ್ನು ಬಿಡಿಸಿ, ಬಿಡಿಸಲಾಗದ್ದನ್ನು ಕತ್ತರಿಸಿ. ಪಾದ ಕಾಣುವ ಮಟ್ಟಕ್ಕೆ ನೆಡಿ. ಮೊದಲ ಎರಡು ಬೇಸಿಗೆ ಮಾತ್ರ ವಾರಕ್ಕೊಮ್ಮೆ ಪಾತಿ ತುಂಬ ನೀರು. ಮೂರನೇ ಬೇಸಿಗೆಯಿಂದ ನಿಲ್ಲಿಸಿ.

ಅಣಬೆ ರೋಗದಿಂದ ಹೋದ ಮರದ ಗುಂಡಿಯಲ್ಲಿ ಮಾತ್ರ ಇನ್ನೊಂದು ಗುಲ್‌ಮೊಹರ್ ಬೇಡ. ಬೊಡ್ಡೆ, ಬೇರು ಎಷ್ಟು ಸಾಧ್ಯವೋ ಅಷ್ಟೂ ಅಗೆದು ತೆಗೆಸಿ, ಗುಂಡಿಯನ್ನು ಒಂದು ಬೇಸಿಗೆ ಬಿಸಿಲಿಗೆ ತೆರೆದಿಡಿ, ಹೊಸ ಸಸಿಯನ್ನು ಅಲ್ಲಿಂದ ಆದಷ್ಟು ದೂರ ನೆಡಿ.